ಬೆಂಗಳೂರು ಅನ್ನೋದು ಕಾಲೇಜಿನ ಹೆಸರಲ್ಲ

ಸಿಇಟಿ ರ‍್ಯಾಂಕ್ ಬಂತು ಅಂದ್ರೆ ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಲ್ಲಿ ಒಂದೇ ಚರ್ಚೆ: ಮಗಳನ್ನು ಬೆಂಗಳೂರಿಗೆ ಕಳಿಸೋದಾ, ಇಲ್ಲೇ ಓದಿಸೋದಾ? ಇಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬಂದ ನನ್ನನ್ನೂ ಜನ ಇದನ್ನೇ ಕೇಳ್ತಾರೆ.

ಭಟ್ಕಳದ ಅಂಜುಮನ್ ಇಂಜಿನಿಯರಿಂಗ್ ಕಾಲೇಜು ವಿಟಿಯು ಸಂಯೋಜಿತ. ಸ್ವಾಯತ್ತವಲ್ಲದ ವಿಟಿಯು ಕಾಲೇಜು ಎಲ್ಲೇ ಇರಲಿ, ಸಿಲೆಬಸ್, ಪರೀಕ್ಷೆ, ಪದವಿ ಒಂದೇ. ಡಿಗ್ರಿಗೂ ಇದೇ ಲೆಕ್ಕ. ಹೊನ್ನಾವರದ ಎಸ್‌ಡಿಎಂ, ಕುಮಟಾದ ಬಾಳಿಗಾ ಕಾಲೇಜುಗಳು ಸೇರಿರುವುದು ಧಾರವಾಡದ ಕರ್ನಾಟಕ ವಿವಿಗೆ.

ಆರ್‌ವಿ, ಬಿಎಂಎಸ್ ಮಾತು ಬೇರೆ. ಅವು ಸ್ವಾಯತ್ತ ಕಾಲೇಜುಗಳು. ದೊಡ್ಡ ಕಂಪನಿಗಳು ಕ್ಯಾಂಪಸ್‌ಗೇ ಬರುತ್ತವೆ. ಆದರೆ ಅಲ್ಲಿ ಓದಿದವರ ಸಂಬಳಕ್ಕೆ ಕಾರಣ ಕಾಲೇಜೋ, ಮೊದಲೇ ಒಳ್ಳೆ ರ‍್ಯಾಂಕ್ ತಂದ ಹುಡುಗರೋ?

ಅಮೆರಿಕದಲ್ಲಿ ಸ್ಟೇಸಿ ಡೇಲ್, ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೆದಕಿತು. ಸರಿಸಮಾನ ವಿದ್ಯಾರ್ಥಿಗಳು ಹೆಸರಾಂತ ಕಾಲೇಜು ಬಿಟ್ಟು ಬೇರೆಡೆ ಓದಿದರೂ ಗಳಿಕೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಬಡ ಮನೆಯ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಕಂಡಿತು.

ನಮ್ಮ ಕರಾವಳಿಗೆ ಮುಖ್ಯವಾದದ್ದು ಈ ಕೊನೆಯ ಮಾತು. ಮೀನುಗಾರರ ಮಗಳಿಗೆ ಕಂಪನಿಯಲ್ಲಿ ಪರಿಚಯದವರಿರೋದಿಲ್ಲ. ಕಾಲೇಜಿನ ಹೆಸರೇ ಅವಳ ಪರಿಚಯಪತ್ರ. ಆರ್‌ವಿಯಲ್ಲಿ ಸಿಇಟಿ ಸೀಟು ಸಿಕ್ಕರೆ ಸಾಲ ಮಾಡಿಯಾದರೂ ಕಳಿಸಿ. ಆದರೆ ಬೆಂಗಳೂರಿನ ಯಾವುದೋ ಸಾಧಾರಣ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ತೋಟ ಅಡವಿಡಬೇಡಿ. ಆಪ್ಷನ್ ಎಂಟ್ರಿಗೆ ಮುಂಚೆ ಆ ಕಾಲೇಜಿನವರನ್ನು ಇಷ್ಟು ಕೇಳಿ: ಈ ಬ್ರಾಂಚಿನಲ್ಲಿ ಕಳೆದ ವರ್ಷ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಸಂಬಳಕ್ಕೆ?