ಮಗಳು ತಿದ್ದಿದರೆ ನಾಚಿಕೆ ಏಕೆ?

ಮಗಳ ಟೀಚರ್ ಎದುರು ನಾನೊಮ್ಮೆ 'ಐ ಹ್ಯಾವ್ ರೋಟ್ ಇನ್ ದ ಡೈರಿ' ಅಂದೆ. ಮನೆಗೆ ಬಂದ ಮೇಲೆ ಮಗಳು, 'ಅಮ್ಮಾ, ರೋಟ್ ಅಲ್ಲ, ರಿಟನ್. ಇನ್ಮೇಲೆ ಮೀಟಿಂಗ್‌ಗೆ ಅಪ್ಪಾನೇ ಬರ್ಲಿ' ಅಂದುಬಿಟ್ಟಳು. ಬಿ.ಎ. ಓದಿದವಳು ನಾನು! ಅಂದು ರಾತ್ರಿ ಊಟ ಸೇರಲಿಲ್ಲ.

ನಿಮಗೂ ಹೀಗಾಗಿದೆಯೇ? ಶಾಲೆಯಲ್ಲಿ ನಾವು ಗೋ-ವೆಂಟ್-ಗಾನ್ ಅಂತ ಮಗ್ಗಿಯಂತೆ ಉರು ಹೊಡೆದೆವೇ ಹೊರತು, ಮೂರನೆಯ ರೂಪ ಎಲ್ಲಿ ಬೇಕೆಂದು ತಿಳಿದುಕೊಳ್ಳಲಿಲ್ಲ. ಅದೇನೂ ಬ್ರಹ್ಮವಿದ್ಯೆಯಲ್ಲ. ನಿನ್ನೆ ಹೋದ ಮಾತಾದರೆ 'ಐ ವೆಂಟ್' ಸಾಕು. ಹ್ಯಾವ್, ಹ್ಯಾಸ್, ಹ್ಯಾಡ್ ಸಹಾಯಕ್ಕೆ ಬಂದರೆ ಗಾನ್, ರಿಟನ್, ಈಟನ್. 'ಡಿಡ್' ಬಂದರೆ ಮೊದಲ ರೂಪವೇ.

ಇನ್ನೊಂದು ಉಪಯೋಗ ಅಡುಗೆಮನೆಯಲ್ಲೇ ಇದೆ. ಬೇಯಿಸಿದ ಮೊಟ್ಟೆ ಬಾಯ್ಲ್ಡ್ ಎಗ್, ಒಡೆದ ಕಪ್ಪು ಬ್ರೋಕನ್ ಕಪ್. ನಮ್ಮ 'ಬೇಯಿಸಿದ', 'ಒಡೆದ' ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ. ಬೇಜಾರಾದಾಗ 'ಐ ಆಮ್ ಬೋರ್ಡ್' ಅನ್ನಿ. 'ಬೋರಿಂಗ್' ಅಂದರೆ ಬೇರೆಯವರಿಗೆ ಬೇಜಾರು ತರಿಸುವವರು ನೀವೇ ಅಂತಾಗುತ್ತದೆ!

ದಿನಕ್ಕೆ ಐದೇ ಪದಗಳನ್ನು ವಾಕ್ಯದಲ್ಲಿಟ್ಟು ಮಕ್ಕಳ ಜೊತೆ ಹೇಳಿ. ತಪ್ಪಿದರೆ ಅವರು ತಿದ್ದಲಿ, ನಷ್ಟವೇನು? ಆದರೆ ವ್ಯಾಕರಣ ತಪ್ಪಿತೆಂದು ಮೀಟಿಂಗ್‌ನ ಕುರ್ಚಿ ಮಾತ್ರ ಬಿಟ್ಟುಕೊಡಬೇಡಿ. ಮಗುವಿನ ಬಗ್ಗೆ ಕೇಳುವ ಹಕ್ಕು ಇಂಗ್ಲಿಷ್ ಬಂದವರಿಗಷ್ಟೇ ಅಲ್ಲ, ಕನ್ನಡದಲ್ಲೇ ಕೇಳಿ. ಮುಂದಿನ ಮೀಟಿಂಗ್‌ಗೆ ನಾನೇ ಹೋದೆ. 'ರಿಟನ್' ಅಂದಾಗ ಮಗಳು ಮುಸಿಮುಸಿ ನಕ್ಕಳು.