ಹಳೆಯ ಇಂಜೆಕ್ಷನ್ ಕಾರಿಗೆ ಹೊಸ ಡಿಸ್ಟ್ರಿಬ್ಯೂಟರ್



ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮ ಚಂದಾದಾರರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಮನೆಯಲ್ಲಿ 1971ರ ವೋಲ್ವೋ 1800ಇ ಕಾರೊಂದಿದೆ. ಧಾರವಾಡದಿಂದ ಆ ದೇಶಕ್ಕೆ ತೆರಳಿದ ಅವರ ತಂದೆಯವರು ಮೊಟ್ಟಮೊದಲು ಕೊಂಡ ವಾಹನವದು. ತಂದೆಯವರು ಲಿಂಗೈಕ್ಯರಾದ ಮೇಲೂ ಕುಟುಂಬದವರು ಅದನ್ನು ಮಾರದೆ, ಭಾನುವಾರಕ್ಕೊಮ್ಮೆ ಓಡಿಸುತ್ತ ಉಳಿಸಿಕೊಂಡು ಬಂದಿದ್ದಾರೆ. ಈಗ ಆರು ತಿಂಗಳಿಂದ ಎಂಜಿನ್ ಒಮ್ಮೊಮ್ಮೆ ಗಡಗಡನೆ ನಡುಗುತ್ತದೆ, ಅರ್ಧ ಶಕ್ತಿಯಲ್ಲಿ ಓಡುತ್ತದೆ. ಕೆಲವು ದಿನ ಎಷ್ಟು ತಿರುಗಿಸಿದರೂ ಹೊತ್ತಿಕೊಳ್ಳುವುದೇ ಇಲ್ಲ. ಅಲ್ಲಿನ ಮೆಕ್ಯಾನಿಕ್ ಎರಡು ದಾರಿ ತೋರಿಸಿದ್ದಾನೆ: ಇಂಜೆಕ್ಷನ್ ವ್ಯವಸ್ಥೆಯನ್ನೆಲ್ಲ ಕಿತ್ತುಹಾಕಿ ಎರಡು ಕಾರ್ಬ್ಯುರೇಟರ್ ಕೂರಿಸುವುದು, ಇಲ್ಲವೆ ಹೊರಗಿನ ಕಂಪನಿಯ ಅಗ್ಗದ ಹೊಸ ಡಿಸ್ಟ್ರಿಬ್ಯೂಟರ್ ಹಾಕಿಸುವುದು. ಯಾವುದು ಸರಿ ಎಂಬುದು ಅವರ ಪ್ರಶ್ನೆ.

ಪರೀಕ್ಷೆ ಮಾಡದೆ ಎರಡರಲ್ಲಿ ಒಂದನ್ನೂ ಮಾಡಬಾರದೆಂಬುದು ನಮ್ಮ ಅಭಿಪ್ರಾಯ. ಮೊದಲನೆಯದನ್ನಂತೂ ಪರೀಕ್ಷೆಯ ನಂತರವೂ ಮಾಡಬಾರದು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳನ್ನು ಸಾಕಿದ ಮನೆಗಳವರಿಗೆ ಡಿಸ್ಟ್ರಿಬ್ಯೂಟರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾಯಿಲ್‌ನಲ್ಲಿ ಹುಟ್ಟಿದ ವಿದ್ಯುತ್ತನ್ನು ಸರದಿಯಂತೆ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳಿಗೆ ಹಂಚುವ ಸಾಧನವದು. ಒಳಗಿನ ಪಾಯಿಂಟುಗಳು ಕಾಯಿಲ್‌ನ ವಿದ್ಯುತ್ತನ್ನು ಕಡಿಯುತ್ತವೆ; ತಿರುಗುವ ತೂಕಗಳೂ ವ್ಯಾಕ್ಯೂಮ್ ಡಬ್ಬಿಯೂ ಕಿಡಿ ಹಾರುವ ವೇಳೆಯನ್ನು ಹಿಂದುಮುಂದು ಮಾಡುತ್ತವೆ. ಕಾರ್ಬ್ಯುರೇಟರ್ ಕಾರಿನಲ್ಲಿ ಅದರ ಕೆಲಸ ಅಲ್ಲಿಗೆ ಮುಗಿಯುತ್ತದೆ.

1800ಇ ಕಾರಿನಲ್ಲಿ ಅಲ್ಲಿಗೆ ಮುಗಿಯುವುದಿಲ್ಲ. ಇದರಲ್ಲಿರುವುದು ಜರ್ಮನಿಯ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಇಂಜೆಕ್ಷನ್ ವ್ಯವಸ್ಥೆ. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನೊಂದಿಗೆ ಮೊದಲು ಮಾರುಕಟ್ಟೆಗೆ ಬಂದ ಇದನ್ನು ವೋಲ್ವೋ ಕಂಪನಿಯು 1970ರ ಮಾದರಿಯ 1800ಇ ಕಾರಿಗೆ ಅಳವಡಿಸಿತು. ಹೆಸರಿನ ಡಿ ಅಕ್ಷರವು ಒತ್ತಡ ಎಂಬರ್ಥದ ಜರ್ಮನ್ ಪದದ ಮೊದಲಕ್ಷರ. ಮ್ಯಾನಿಫೋಲ್ಡಿನಲ್ಲಿರುವ ಗಾಳಿಯ ಒತ್ತಡವನ್ನು ಅಳೆದು, ಇಂಜೆಕ್ಟರುಗಳು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಒಂದು ವಿದ್ಯುನ್ಮಾನ ಪೆಟ್ಟಿಗೆ ನಿರ್ಧರಿಸುತ್ತದೆ. ಆದರೆ ಯಾವಾಗ ತೆರೆಯಬೇಕೆಂಬುದು ಆ ಪೆಟ್ಟಿಗೆಗೆ ತಿಳಿಯುವುದು ಹೇಗೆ? ಡಿಸ್ಟ್ರಿಬ್ಯೂಟರಿನ ಕೆಳಭಾಗದಲ್ಲಿ, ತೂಕಗಳಿಗಿಂತಲೂ ಕೆಳಗೆ, ಎದುರುಬದುರಾಗಿ ಕುಳಿತ ಇನ್ನೂ ಎರಡು ಜೊತೆ ಪಾಯಿಂಟುಗಳಿವೆ. ಇವಕ್ಕೆ ಟ್ರಿಗರ್ ಪಾಯಿಂಟುಗಳೆಂದು ಹೆಸರು. ಒಂದು ಜೊತೆ ಎರಡು ಇಂಜೆಕ್ಟರುಗಳಿಗೆ, ಮತ್ತೊಂದು ಜೊತೆ ಉಳಿದೆರಡಕ್ಕೆ ಅಪ್ಪಣೆ ಕೊಡಿಸುತ್ತದೆ. ಎಂಜಿನ್ನಿನ ವೇಗವೂ ಪೆಟ್ಟಿಗೆಗೆ ತಿಳಿಯುವುದು ಇವುಗಳಿಂದಲೇ.

ಮೇಲಿನ ಮುಚ್ಚಳ ತೆಗೆದು ನೋಡಿದವನಿಗೆ ಇವು ಕಾಣುವುದಿಲ್ಲ. ಕಾಣದ್ದರಿಂದಲೇ ಎಷ್ಟೋ ಒಳ್ಳೆಯ ಕಾರುಗಳ ಇಂಜೆಕ್ಷನ್ ಕಸದ ಪಾಲಾಗಿದೆ.

ಪತ್ರದಲ್ಲಿ ವರ್ಣಿಸಿರುವ ಲಕ್ಷಣಗಳು ನಮ್ಮ ಗಮನವನ್ನು ಸೆಳೆದದ್ದು ಇದೇ ಕಾರಣಕ್ಕೆ. ಟ್ರಿಗರ್ ಪಾಯಿಂಟುಗಳ ಒಂದು ಜೊತೆ ಕೆಟ್ಟರೆ ಎರಡು ಸಿಲಿಂಡರುಗಳಿಗೆ ಪೆಟ್ರೋಲ್ ನಿಲ್ಲುತ್ತದೆ. ಎಂಜಿನ್ ಉಳಿದೆರಡರ ಮೇಲೆ ಕುಂಟುತ್ತದೆ. ಎರಡೂ ಜೊತೆ ಕೆಟ್ಟರೆ ಕಿಡಿ ಚೆನ್ನಾಗಿದ್ದರೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಜಿಡ್ಡು ಹಿಡಿದ ಪಾಯಿಂಟು ಒಂದು ದಿನ ತಾಗಿ ಮರುದಿನ ತಾಗದಿರುವುದು ಸಾಮಾನ್ಯ. ಆದರೂ ಪತ್ರವನ್ನೋದಿ ದೂರದಿಂದ ರೋಗನಿರ್ಣಯ ಮಾಡುವುದು ಸಲ್ಲದು. ಇದೇ ಲಕ್ಷಣಗಳು ಬಿರುಕುಬಿಟ್ಟ ಮುಚ್ಚಳದಿಂದಲೋ, ಐವತ್ತು ವರ್ಷದ ಬಿಸಿಯಲ್ಲಿ ಬೆಂದು ಉದುರುವ ತಂತಿಗಳಿಂದಲೋ ಬರಬಹುದು.

ಆದ್ದರಿಂದ ಮೊದಲು ಕಿಡಿಯನ್ನು ಪರೀಕ್ಷಿಸಬೇಕು. ಪ್ಲಗ್ ತಂತಿಯನ್ನು ಎಂಜಿನ್ನಿಗೆ ತಾಗಿಸಿ ಕಿಡಿ ಹಾರಿಸುವ ಹಳೆಯ ರೂಢಿಯನ್ನು ಇಲ್ಲಿ ಖಂಡಿತ ಅನುಸರಿಸಬಾರದು. ಇಂಜೆಕ್ಷನ್ ಕಾರಿನ ಪೆಟ್ರೋಲ್ ಕೊಳವೆಗಳಲ್ಲಿ ಸುಮಾರು ಎರಡು ಬಾರ್ ಒತ್ತಡವಿರುತ್ತದೆ. ಹಳೆಯ ರಬ್ಬರ್ ಎಲ್ಲಿಯಾದರೂ ಜಿನುಗುತ್ತಿದ್ದರೆ ಮನೆಗೇ ಬೆಂಕಿ ಬಿದ್ದೀತು. ಟೈಮಿಂಗ್ ಲೈಟಿನ ಹಿಡಿಕೆಯನ್ನು ಒಂದೊಂದೇ ತಂತಿಗೆ ಕಚ್ಚಿಸಿ, ಸ್ಟಾರ್ಟರ್ ತಿರುಗಿಸುವಾಗ ದೀಪ ಮಿನುಗುವುದನ್ನು ನೋಡಿದರೆ ಸಾಕು. ಎಂಜಿನ್ ಕುಂಟುತ್ತ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಟಿಕ್ ಟಿಕ್ ಸದ್ದು ಕೇಳಬೇಕು. ಒಟ್ಟಿಗೆ ಎರಡು ಇಂಜೆಕ್ಟರುಗಳು ಮೌನವಾಗಿದ್ದರೆ ಟ್ರಿಗರಿನ ಮೇಲೆ, ಇಲ್ಲವೆ ಅದರ ತಂತಿಗಳ ಮೇಲೆ ಸಂಶಯಪಡಬೇಕು.

ಅನಂತರ ಮುಖ್ಯ ಪರೀಕ್ಷೆ. ಚಾವಿಯನ್ನು ತೆಗೆದಿಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಡಿಸ್ಟ್ರಿಬ್ಯೂಟರಿನ ಬುಡದಲ್ಲಿರುವ ಮೂರು ಕಡ್ಡಿಗಳ ಪ್ಲಗ್ಗನ್ನು ಬಿಚ್ಚಿರಿ. ತಂತಿಗಳ ಸಂಖ್ಯೆ 12, 21 ಮತ್ತು 22. ಹನ್ನೆರಡು ಎರಡಕ್ಕೂ ಸಮಾನವಾದದ್ದು. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಮೊದಲು 12 ಮತ್ತು 21ರ ನಡುವೆ, ಬಳಿಕ 12 ಮತ್ತು 22ರ ನಡುವೆ ಹಿಡಿದು, ಎಂಜಿನ್ನನ್ನು ಪಾನದಿಂದ ಕೈಯಲ್ಲೇ ನಿಧಾನವಾಗಿ ಎರಡು ಸುತ್ತು ತಿರುಗಿಸಬೇಕು. ಎಂಜಿನ್ ಎರಡು ಸುತ್ತು ತಿರುಗಿದಾಗ ಡಿಸ್ಟ್ರಿಬ್ಯೂಟರ್ ಒಂದು ಸುತ್ತು ತಿರುಗುತ್ತದೆ. ಆ ಒಂದು ಸುತ್ತಿನಲ್ಲಿ ಪ್ರತಿ ಜೊತೆಯೂ ಒಮ್ಮೆ ಕೂಡಿ ಸೊನ್ನೆಯ ಹತ್ತಿರದ ಅಂಕಿಯನ್ನೂ, ಒಮ್ಮೆ ಬಿಟ್ಟು ಅಪಾರ ತಡೆಯನ್ನೂ ತೋರಿಸಬೇಕು. ಕೂಡಿದಾಗಲೂ ಅಂಕಿ ಓಲಾಡುತ್ತಿದ್ದರೆ ಪಾಯಿಂಟು ಜಿಡ್ಡುಗಟ್ಟಿದೆ. ಎರಡೂ ಜೊತೆ ಸರಿಯಾಗಿ ತೋರಿಸಿದರೆ ಆ ಮಟ್ಟಿಗೆ ಡಿಸ್ಟ್ರಿಬ್ಯೂಟರ್ ನಿರಪರಾಧಿ. ಹೊಸದನ್ನು ಕೊಂಡರೂ ಕಾರು ನಡುಗುತ್ತಲೇ ಇರುತ್ತದೆ.

ಜಿಡ್ಡು ಮಾತ್ರವಾಗಿದ್ದರೆ ಖರ್ಚು ಅತ್ಯಲ್ಪ. ಡಿಸ್ಟ್ರಿಬ್ಯೂಟರನ್ನು ಬಿಚ್ಚುವ ಮೊದಲು ರೋಟರಿನ ದಿಕ್ಕನ್ನೂ ಬುಡದ ಸ್ಥಾನವನ್ನೂ ಗುರುತು ಮಾಡಿಕೊಂಡು, ಟ್ರಿಗರ್ ಪಾಯಿಂಟುಗಳ ಪುಟ್ಟ ಫಲಕವನ್ನು ಸ್ಕ್ರೂ ಸಡಿಲಿಸಿ ಹೊರಗೆಳೆಯಬೇಕು. ಇವು ಬಹಳ ಕಡಿಮೆ ವಿದ್ಯುತ್ತನ್ನು ಹೊರುವಂಥವು. ಉಪ್ಪುಕಾಗದವನ್ನೋ ಅರವನ್ನೋ ಮುಟ್ಟಿಸದೆ, ಕ್ಲೀನರಿನಲ್ಲಿ ಅದ್ದಿದ ದಪ್ಪ ಕಾಗದದ ಚೂರನ್ನು ನಡುವೆ ಎಳೆದರೆ ಸಾಕು. ಪಾಯಿಂಟಿನ ಹಿಮ್ಮಡಿ ಸವೆದಿದ್ದರೆ ಫಲಕವನ್ನೇ ಬದಲಿಸಬೇಕಾಗುತ್ತದೆ. ಇದೇ ವೇಳೆ ಶಾಫ್ಟನ್ನು ಅಕ್ಕಪಕ್ಕಕ್ಕೆ ಅಲ್ಲಾಡಿಸಿ ನೋಡಿರಿ. ಆಟ ಕಂಡರೆ ಬುಶ್ ಸವೆದಿದೆ. ರೋಟರನ್ನು ತಿರುಚಿ ಬಿಟ್ಟಾಗ ಅದು ಸ್ಪ್ರಿಂಗಿನಿಂದ ಹಿಂದಿರುಗದಿದ್ದರೆ ಒಳಗಿನ ಗ್ರೀಸ್ ಒಣಗಿ ತೂಕಗಳು ಅಂಟಿಕೊಂಡಿವೆ. ವ್ಯಾಕ್ಯೂಮ್ ಕೊಳವೆಯಿಂದ ಗಾಳಿಯನ್ನೆಳೆದಾಗ ತಟ್ಟೆ ಸರಿದು ಅಲ್ಲಿಯೇ ನಿಲ್ಲದಿದ್ದರೆ ಡಬ್ಬಿಯ ಪೊರೆ ಹರಿದಿದೆ.

ಇಷ್ಟೆಲ್ಲ ನೋಡಿದ ಮೇಲೂ ಹೊಸದು ಬೇಕೆಂದಾದರೆ ಆಯ್ಕೆಯ ಮಾತು ಬರುತ್ತದೆ. ವೋಲ್ವೋ 1800 ಎಂದೊಡನೆ ಅಮೆರಿಕದಲ್ಲಿ ಎಲ್ಲರಿಗೂ ನೆನಪಾಗುವುದು ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಶಿಕ್ಷಕ ಅರ್ವ್ ಗಾರ್ಡನ್. ಅವರು 1966ರಲ್ಲಿ ಕೊಂಡ ತಮ್ಮ 1800ಎಸ್ ಕಾರನ್ನು 2013ರಲ್ಲಿ ಮೂವತ್ತು ಲಕ್ಷ ಮೈಲು ದಾಟಿಸಿದರು. ಆದರೆ ಅವರ ಕಾರು ಕಾರ್ಬ್ಯುರೇಟರಿನದು! ಆ ಕಾರಿನ ಡಿಸ್ಟ್ರಿಬ್ಯೂಟರಿಗೆ ಟ್ರಿಗರ್ ಪಾಯಿಂಟುಗಳ ಅಗತ್ಯವೇ ಇಲ್ಲ. ಕ್ಯಾಟಲಾಗಿನಲ್ಲಿ "ವೋಲ್ವೋ 1800ಕ್ಕೆ ಹೊಂದುತ್ತದೆ" ಎಂದಷ್ಟೇ ಬರೆದಿರುವ ಅಗ್ಗದ ಡಿಸ್ಟ್ರಿಬ್ಯೂಟರ್ ಇಂಥದ್ದೇ ಆಗಿರುವ ಸಂಭವ ಹೆಚ್ಚು. ಕೂರಿಸಿದಾಗ ಕಿಡಿ ಸೊಗಸಾಗಿ ಬರುತ್ತದೆ, ಪೆಟ್ರೋಲ್ ಮಾತ್ರ ಹನಿಯೂ ಬರುವುದಿಲ್ಲ. ಆಗ ಮೆಕ್ಯಾನಿಕ್ "ಇಂಜೆಕ್ಷನ್ ಹೋಗಿದೆ, ಕಾರ್ಬ್ಯುರೇಟರ್ ಹಾಕೋಣ" ಎನ್ನುತ್ತಾನೆ. ಪತ್ರದಲ್ಲಿರುವ ಎರಡು ಸಲಹೆಗಳೂ ಕೊನೆಗೆ ಒಂದೇ ಕಡೆಗೆ ಒಯ್ಯುತ್ತವೆಂದು ನಾವು ಹೇಳುವುದು ಇದಕ್ಕಾಗಿ.

ನಮ್ಮ ಮೊದಲ ಆಯ್ಕೆ, ಮೂಲ ಬಾಷ್ ಡಿಸ್ಟ್ರಿಬ್ಯೂಟರನ್ನೇ ನುರಿತವರಿಂದ ಹೊಸ ಬುಶ್ ಹಾಕಿಸಿ ಸರಿಪಡಿಸಿಕೊಳ್ಳುವುದು. ಮೇಲಿನ ಪಾಯಿಂಟುಗಳ ಕಾಟ ಬೇಡವಾದರೆ ಅವುಗಳ ಜಾಗದಲ್ಲಿ ಮಾತ್ರ ಕೂರುವ ವಿದ್ಯುನ್ಮಾನ ಘಟಕಗಳು ದೊರೆಯುತ್ತವೆ. ಅವು ಕೆಳಗಿನ ಟ್ರಿಗರಿನ ತಂಟೆಗೆ ಹೋಗುವುದಿಲ್ಲ. ಆದರೆ ಘಟಕಕ್ಕೆ ತಕ್ಕ ಕಾಯಿಲ್ ಇರಬೇಕು. ಕಾಯಿಲ್‌ನ ತಡೆ ತೀರ ಕಡಿಮೆಯಾದರೆ ಘಟಕ ಬಿಸಿಯೇರಿ ಸುಡುತ್ತದೆ. ಇಡಿಯಾಗಿ ಹೊಸತನ್ನೇ ಕೊಳ್ಳುವವರು ಅಂಗಡಿಯವರಿಂದ ಎರಡು ಮಾತನ್ನು ಬರಹದಲ್ಲಿ ಪಡೆಯಬೇಕು: ಡಿ-ಜೆಟ್ರಾನಿಕ್ ಪೆಟ್ಟಿಗೆಗೆ ಬೇಕಾದ ಟ್ರಿಗರ್ ಸಂಜ್ಞೆ ಇದರಿಂದ ಹೊರಡುತ್ತದೆಯೇ? ಕಿಡಿಯನ್ನು ಮುಂದೂಡುವ ಕ್ರಮವು ಇಂಜೆಕ್ಷನ್ ಎಂಜಿನ್ನಿನದೋ, ಕಾರ್ಬ್ಯುರೇಟರಿನದೋ? ಹಳೆಯದರ ಮೈಮೇಲೆ ಕೆತ್ತಿರುವ ಬಾಷ್ ಸಂಖ್ಯೆಯನ್ನು ಅವರಿಗೆ ಕಳುಹಿಸಿದರೆ ಗೊಂದಲಕ್ಕೆ ಎಡೆಯಿರುವುದಿಲ್ಲ.

ಬೇರೆ ಹಳೆಯ ಕಾರುಗಳಿರುವ ಬಂಧುಗಳಿಗೆ ಒಂದು ಮಾತು. 1973ರಿಂದ ಬಂದ ಕೆ-ಜೆಟ್ರಾನಿಕ್ ಎಡೆಬಿಡದೆ ಪೆಟ್ರೋಲ್ ಸಿಂಪಡಿಸುವಂಥದು. ಅದಕ್ಕೆ ಡಿಸ್ಟ್ರಿಬ್ಯೂಟರಿನ ಅಪ್ಪಣೆ ಬೇಡ. ಅದರ ಬೆನ್ನಲ್ಲೇ ಬಂದ ಎಲ್-ಜೆಟ್ರಾನಿಕ್ ತನ್ನ ಸಂಜ್ಞೆಯನ್ನು ಕಾಯಿಲ್‌ನಿಂದ ಪಡೆಯುತ್ತದೆ. ಹಲವು ಕಿಡಿಗಳನ್ನು ಒಮ್ಮೆಗೇ ಹಾರಿಸುವ ಪೆಟ್ಟಿಗೆಗಳನ್ನು ಅದಕ್ಕೆ ಜೋಡಿಸುವ ಮುನ್ನ ವಿಚಾರಿಸುವುದೊಳ್ಳೆಯದು.

ಹೊಸತನ್ನು ಕೂರಿಸಿದ ಬಳಿಕ ಟೈಮಿಂಗನ್ನು ಕಾರಿನ ಕೈಪಿಡಿಯಂತೆ, ದೀಪ ಹಿಡಿದೇ ಹೊಂದಿಸಬೇಕು. ಎಷ್ಟೋ ಅಂಗಡಿಗಳು ರಿಯಾಯಿತಿ ಕೊಟ್ಟು ಹಳೆಯ ಡಿಸ್ಟ್ರಿಬ್ಯೂಟರನ್ನು ಮರಳಿ ಕೇಳುತ್ತವೆ. ಹೊಸತು ಒಂದು ತಿಂಗಳು ಬಿಸಿಯಲ್ಲೂ ಚಳಿಯಲ್ಲೂ ಓಡುವವರೆಗೆ ಅದನ್ನು ಕೊಡದೆ, ಬಟ್ಟೆಯಲ್ಲಿ ಸುತ್ತಿ ಮನೆಯಲ್ಲೇ ಇಟ್ಟುಕೊಂಡಿರಿ.