ಗಂಡನ ಹತ್ರ ಮೀನು ಕೊಳ್ಳುವ ಹೆಂಗಸರು

ಆಫ್ರಿಕ ಅಂದ ಕೂಡ್ಲೆ ನಮ್ಮ ಕಡೆ ಜನಕ್ಕೆ ನೆನಪಾಗೋದು ಬರ, ಹಸಿವು, ಆನೆ, ಸಿಂಹ ಇಷ್ಟೇ. ಬಯಲುಸೀಮೆಯ ನಾವು ಹಾಗೆ ಅನ್ನೋದು ನ್ಯಾಯವಲ್ಲ. ನಾವು ಉಣ್ಣೋ ರಾಗಿ ಹುಟ್ಟಿದ್ದು ಇಥಿಯೋಪಿಯ, ಉಗಾಂಡದ ಎತ್ತರದ ಸೀಮೆಯಲ್ಲಿ. ಜೋಳ ಸುಡಾನಿನ ಕಡೆಯದು. ಸಜ್ಜೆ ಸಹರಾ ಮರಳುಗಾಡಿನ ಅಂಚಿನದು. ಅಲಸಂದೆ, ಹರಳು, ಕೊನೆಗೆ ಹೊಲದ ಬದುವಿನ ಹುಣಸೆ ಮರವೂ ಅಲ್ಲಿಂದಲೇ ಬಂದದ್ದಂತೆ. ಬೀಜವೆಲ್ಲ ಬಂತು, ಆದರೆ ಅದನ್ನು ಮಾರೋ ಕೈ ಬರಲಿಲ್ಲ. ಅಲ್ಲಿ, ಅದರಲ್ಲೂ ಪಡುವಣ ಆಫ್ರಿಕದಲ್ಲಿ, ಸಂತೆ ಹೆಂಗಸರದು. ಇಲ್ಲಿ ಗಂಡಸರದು.

ನಮ್ಮ ಸಂತೆಯಲ್ಲೂ ಹೆಂಗಸರು ಕೂತಿರ್ತಾರಲ್ಲ ಅಂತ ಯಾರಾದರೂ ಕೇಳಬಹುದು. ಕೂತಿರ್ತಾರೆ, ನಾಲ್ಕು ಗುಡ್ಡೆ ಮೆಣಸಿನಕಾಯಿ, ಎರಡು ಸಿವುಡು ಸೊಪ್ಪು ಇಟ್ಟುಕೊಂಡು. ಲಾರಿ ಲೆಕ್ಕದ ಸಗಟು ವ್ಯಾಪಾರ ಎಲ್ಲಿ ನಡೆಯುತ್ತೋ ಅಲ್ಲಿ ಸೀರೆ ಕಾಣೋದು ಗುಡಿಸೋ ಜಾಗದಲ್ಲಿ, ಹಸನು ಮಾಡೋ ಜಾಗದಲ್ಲಿ ಮಾತ್ರ. ಘಾನಾ ದೇಶದ ಪೇಟೆಗಳಲ್ಲಿ ಈ ಲೆಕ್ಕ ತಿರುವುಮುರುವು. ಸಗಟು ಹಿಡಿಯೋರು, ಲಾರಿ ಗೊತ್ತು ಮಾಡೋರು, ರೈತನಿಗೆ ಮುಂಗಡ ಕೊಡೋರು, ಚಿಲ್ಲರೆಯವರಿಗೆ ಉದ್ರಿ ಕೊಡೋರು, ಎಲ್ಲ ಹೆಂಗಸರೇ. ಟೊಮೆಟೊಗೆ ಒಬ್ಬಳು ಹಿರಿಯಳು, ಗೆಣಸಿಗೆ ಒಬ್ಬಳು, ಬಾಳೆಗೆ ಒಬ್ಬಳು. ಅವಳನ್ನು ಆ ಮಾಲಿನ ರಾಣಿ ಅಂತಲೇ ಕರೀತಾರೆ. ಜಗಳ ತೀರಿಸೋದು, ಹೊಸಬರಿಗೆ ಜಾಗ ಕೊಡೋದು, ಸತ್ತವರ ಮನೆಗೆ ಸಂಘದಿಂದ ದುಡ್ಡು ಮುಟ್ಟಿಸೋದು, ಎಲ್ಲ ಅವಳ ಕೆಲಸ.

ನನಗೆ ಬಹಳ ಹಿಡಿಸಿದ್ದು ಅಲ್ಲಿನ ಸಮುದ್ರದಂಡೆಯ ಊರುಗಳ ಪದ್ಧತಿ. ಮಗಳು ಓದಿ ಹೇಳಿದಾಗ ಇನ್ನೊಂದು ಸಲ ಓದು ಅಂದೆ. ಗಂಡಸರು ದೋಣಿಯಲ್ಲಿ ಹೋಗಿ ಮೀನು ಹಿಡಿದು ತರ್ತಾರೆ. ದಡದಲ್ಲಿ ಹೆಂಡತಿ ಕಾದಿರ್ತಾಳೆ. ಅವಳು ಆ ಮೀನನ್ನು ಗಂಡನಿಂದ ಕೊಂಡುಕೊಳ್ತಾಳೆ. ಹೌದು, ರೇಟು ಮಾತಾಡಿ ಕೊಂಡುಕೊಳ್ತಾಳೆ. ದಡದ ರೇಟನ್ನು ಹೆಂಗಸರ ಕಡೆಯ ಮುಖಂಡಳು ದೋಣಿಯವರ ಜೊತೆ ಕೂತು ನಿಶ್ಚಯ ಮಾಡ್ತಾಳೆ, ಅವಳಿಗೆ ‘ಕೊಂಕೊಹೆಮಾ’ ಅಂತ ಹೆಸರು. ಆಮೇಲೆ ಹೊಗೆಯಲ್ಲಿ ಒಣಗಿಸಿ ಒಳನಾಡಿಗೆ ಸಾಗಿಸೋದು, ಮಾರೋದು, ಲಾಭ ನಷ್ಟ ಎಲ್ಲ ಅವಳದು. ಎಷ್ಟೋ ಕಡೆ ದೋಣಿಗೆ ಮೋಟಾರು ಹಾಕಿಸಲು ಸಾಲ ಕೊಟ್ಟವಳೂ ಅವಳೇ ಆಗಿರ್ತಾಳೆ. ಗಂಡನ ಗಂಟು ಬೇರೆ, ಹೆಂಡತಿ ಗಂಟು ಬೇರೆ. ಸಂಸಾರ ಒಂದೇ.

ಇದನ್ನು ನಮ್ಮೂರ ಅರಳಿಕಟ್ಟೆಯಲ್ಲಿ ಹೇಳಿದರೆ ಒಬ್ಬರು, ‘ಹಂಗಾದ್ರೆ ಅದು ಸಂಸಾರ ಅಲ್ಲ ಕಣಪ್ಪ, ಅಂಗಡಿ’ ಅಂದರು. ಇರಲಿ. ನಮ್ಮ ಸಂಸಾರದಲ್ಲಿ ಏನಾಗುತ್ತೆ ನೋಡಿ. ಹುಣಸೆ ಕಾಲದಲ್ಲಿ ಮರ ಬಡಿಯೋದು ಗಂಡಸು, ಎರಡು ದಿನದ ಕೆಲಸ. ಸಿಪ್ಪೆ ತೆಗೆದು, ಕುಟ್ಟಿ, ಬೀಜ ಬಿಡಿಸಿ, ನಾರು ತೆಗೆದು ಹಣ್ಣು ಕಟ್ಟೋದು ಹೆಂಗಸರು, ಅದು ತಿಂಗಳು ಎರಡು ತಿಂಗಳ ಕೆಲಸ. ಬೆರಳ ತುದಿ ಹುಳಿಗೆ ಒಡೆದು ಹೋಗಿರುತ್ತೆ. ಮಾಲು ತುಮಕೂರು ಮಂಡಿಗೆ ಹೋಗುವ ದಿನ ಟೆಂಪೋ ಹತ್ತೋನು ಗಂಡಸು. ಪಟ್ಟಿ ಅವನ ಹೆಸರಿಗೆ. ಎಷ್ಟಕ್ಕೆ ಹೋಯ್ತು ಅಂತ ಕೇಳಿದರೆ, ‘ಈ ಸಲ ರೇಟಿಲ್ಲ’ ಅಂತ ಒಂದು ಮಾತು. ಬೀಜ ಬಿಡಿಸಿದವಳಿಗೆ ಮಂಡಿ ರೇಟೇ ಗೊತ್ತಿಲ್ಲದಿದ್ದರೆ ಮುಂದಿನ ವರ್ಷ ಒಳ್ಳೆ ಹಣ್ಣು ಬೇರೆ, ಕರಿ ಹಣ್ಣು ಬೇರೆ ಅಂತ ವಿಂಗಡಿಸೋ ಉಮೇದು ಅವಳಿಗೆ ಎಲ್ಲಿಂದ ಬರಬೇಕು?

ದುಡ್ಡು ಕೂಡಿಡೋ ವಿಷಯಕ್ಕೆ ಬರ್ತೀನಿ. ಘಾನಾದ ಪೇಟೆಯಲ್ಲಿ ‘ಸೂಸೂ’ ಅಂತ ಒಂದು ಪದ್ಧತಿ. ಒಬ್ಬ ಆಳು ದಿನಾ ಅಂಗಡಿ ಅಂಗಡಿಗೂ ಬಂದು ಗೊತ್ತು ಮಾಡಿದಷ್ಟು ದುಡ್ಡು ಇಸ್ಕೊಂಡು ಕಾರ್ಡಿನಲ್ಲಿ ಗುರುತು ಹಾಕ್ತಾನೆ. ತಿಂಗಳು ತುಂಬಿದಾಗ ಒಂದು ದಿನದ ದುಡ್ಡು ತನ್ನ ಕೂಲಿಗೆ ಹಿಡಿದು ಬಾಕಿಯದು ವಾಪಸು ಕೊಡ್ತಾನೆ. ಇದು ನಮಗೆ ಹೊಸದೇನಲ್ಲ. 1928ರಲ್ಲೇ ಉಡುಪಿಯ ಬ್ಯಾಂಕು (ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದದ್ದು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯ್ತು) ಪಿಗ್ಮಿ ಅಂತ ಶುರು ಮಾಡಿತ್ತಲ್ಲ, ಅದೇ ತರಹ. ವ್ಯತ್ಯಾಸ ಏನಂದ್ರೆ ಅಲ್ಲಿ ಬಡ್ಡಿ ಆಸೆಗೆ ಯಾರೂ ಕಟ್ಟೋಲ್ಲ, ಬಡ್ಡಿಯೇ ಇಲ್ಲ. ದುಡ್ಡು ಮನೆಯಲ್ಲಿದ್ದರೆ ಯಾರಾದರೂ ಕೇಳ್ತಾರೆ, ಕೊಡಬೇಕಾಗುತ್ತೆ. ಅದಕ್ಕೇ ದಿನದ ದುಡ್ಡು ದಿನವೇ ಕೈ ದಾಟಿಸಿಬಿಡ್ತಾರೆ. ತಿಂಗಳ ಕೊನೆಗೆ ಬಂದ ಗಂಟು ಸೀದಾ ಬಂಡವಾಳಕ್ಕೆ ಹೋಗುತ್ತೆ.

ಇಷ್ಟು ಹೊಗಳಿದ ಮೇಲೆ ರೈತನಾಗಿ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾದೀತು. ಘಾನಾದ ಟೊಮೆಟೊ ರೈತರು ಈ ರಾಣಿಯರ ಮೇಲೆ ಬಹಳ ಸಿಟ್ಟಾಗ್ತಾರೆ. ಪೇಟೆಗೆ ಇಷ್ಟೇ ಪೆಟ್ಟಿಗೆ ಬರಲಿ ಅಂತ ತಡೀತಾರೆ, ರೈತನೇ ತಂದರೆ ಇಳಿಸಲು ಬಿಡೋಲ್ಲ, ಮರದ ಪೆಟ್ಟಿಗೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತೆ, ರೇಟು ಮಾತ್ರ ಪೆಟ್ಟಿಗೆ ಲೆಕ್ಕದಲ್ಲೇ ಇರುತ್ತೆ ಅಂತ ದೂರು. ನಮ್ಮ ಮಂಡಿಯ ಸೂಟು, ಸ್ಯಾಂಪಲ್ಲು, ಹಮಾಲಿ ಲೆಕ್ಕದ ಅಣ್ಣ ತಮ್ಮನೇ ಇದು. ದಲ್ಲಾಳಿ ಸೀರೆ ಉಟ್ಟರೂ ದಲ್ಲಾಳಿಯೇ. ಆದರೆ ಆ ಹೆಂಗಸರು ಹೇಳೋದನ್ನೂ ಕೇಳಬೇಕು: ಕೆಟ್ಟುಹೋಗೋ ಮಾಲು, ಹಾಳು ರಸ್ತೆ, ಬರೋದು ತಡವಾದರೆ ನಷ್ಟ ನಮ್ಮದು ಅಂತಾರೆ. ಎರಡೂ ನಿಜ ಇರಬಹುದು.

ಅಧಿಕಾರದಲ್ಲಿರೋರಿಗೆ ಸಿಟ್ಟು ಬಂದಾಗ ಏನಾಗುತ್ತೆ ಅನ್ನೋದಕ್ಕೂ ಅಲ್ಲೇ ಉದಾಹರಣೆ ಇದೆ. 1979ರಲ್ಲಿ ಘಾನಾದಲ್ಲಿ ಸೈನ್ಯದವರು ಅಧಿಕಾರ ಹಿಡಿದರು. ಸಾಮಾನು ಸಿಗೋಲ್ಲ, ಬೆಲೆ ಏರಿದೆ, ಇದಕ್ಕೆಲ್ಲ ಪೇಟೆಯ ಹೆಂಗಸರೇ ಕಾರಣ ಅಂತ ತೀರ್ಮಾನ ಮಾಡಿ, ಅದೇ ವರ್ಷ ಆಗಸ್ಟಿನಲ್ಲಿ ರಾಜಧಾನಿ ಅಕ್ರಾದ ಮಕೋಲಾ ಮಾರುಕಟ್ಟೆಯನ್ನೇ ಕೆಡವಿ ನೆಲಸಮ ಮಾಡಿದರು. ಹೆಂಗಸರಿಗೆ ಛಡಿ ಏಟು ಹಾಕಿದ್ದೂ ಉಂಟು. ಹಂಗಂತ ಬೆಲೆ ಇಳಿದು ನಿಲ್ಲಲಿಲ್ಲ. ಕೊರತೆ ಇದ್ದದ್ದು ಮಾಲಿಗೆ, ಹೆಂಗಸರು ಕಾಣೋ ಜಾಗದಲ್ಲಿ ಕೂತಿದ್ದರು ಅಷ್ಟೇ. ಇವತ್ತೂ ಮಕೋಲಾ ಹೆಸರಿನಲ್ಲಿ ಪೇಟೆ ನಡೀತಾ ಇದೆ, ಹೆಂಗಸರೇ ನಡೆಸ್ತಾರೆ.

ಪಕ್ಕದ ಟೋಗೋ ದೇಶದ ಕಥೆ ಇನ್ನೂ ಸ್ವಾರಸ್ಯ. ಲೋಮೆ ಪಟ್ಟಣದಲ್ಲಿ ‘ನಾನಾ ಬೆನ್ಜ್’ ಅಂತ ಕರೆಸಿಕೊಂಡ ಬಟ್ಟೆ ವ್ಯಾಪಾರದ ಹೆಂಗಸರಿದ್ದರು. ಹಾಲೆಂಡಿನಲ್ಲಿ ಮೇಣದಚ್ಚು ಹಾಕಿ ತಯಾರಿಸಿದ ಬಣ್ಣದ ಬಟ್ಟೆ ತರಿಸಿ ಸುತ್ತಲ ದೇಶಗಳಿಗೆಲ್ಲ ಮಾರ್ತಿದ್ದರು. ಹಲವರಿಗೆ ಓದು ಬರಹ ಬಾರದು. ಆದರೆ ಯಾವ ಚಿತ್ತಾರ ಓಡುತ್ತೆ, ಯಾವುದು ಮೂಲೆಗೆ ಬೀಳುತ್ತೆ ಅಂತ ಕಾರ್ಖಾನೆಯವರಿಗೆ ಹೇಳಿಕೊಡ್ತಿದ್ದವರು ಇವರೇ. ಒಂದು ಚಿತ್ತಾರ ಹಿಡಿದರೆ ಅದು ತನಗೊಬ್ಬಳಿಗೇ ಬರಬೇಕು ಅಂತ ಹಕ್ಕು ಪಡೀತಿದ್ದರು. ಚಿತ್ತಾರಗಳಿಗೆ ಹೆಸರೂ ಇಡ್ತಿದ್ದರು. ಪಂಜರದಿಂದ ಹಕ್ಕಿ ಹಾರೋ ಚಿತ್ತಾರಕ್ಕೆ ‘ನೀನು ಹೊರಗೆ ಹೋದರೆ ನಾನೂ ಹೋಗ್ತೀನಿ’ ಅಂತ ಹೆಸರಂತೆ! ಗಂಡನಿಗೆ ಬಾಯಲ್ಲಿ ಹೇಳಲಾಗದ್ದನ್ನು ಬಟ್ಟೆ ಉಟ್ಟು ಹೇಳೋದು. ದುಡ್ಡು ಬಂತು, ಬೆನ್ಜ್ ಕಾರು ತಗೊಂಡರು, ಅದೇ ಹೆಸರಾಯ್ತು. ಸರ್ಕಾರದವರು ಅತಿಥಿಗಳು ಬಂದಾಗ ಇವರ ಕಾರನ್ನೇ ಎರವಲು ತರ್ತಿದ್ದರು ಅಂತ ಹೇಳ್ತಾರೆ.

1994ರ ಜನವರಿಯಲ್ಲಿ ಅಲ್ಲಿನ ನಾಣ್ಯದ ಬೆಲೆಯನ್ನು ಒಂದೇ ಏಟಿಗೆ ಅರ್ಧಕ್ಕೆ ಇಳಿಸಿದರು. ಹೊರಗಿನ ಬಟ್ಟೆ ದುಬಾರಿಯಾಯ್ತು. ಆಮೇಲೆ ಚೀನಾದ ನಕಲು ಬಂತು, ಅದೇ ಚಿತ್ತಾರ, ಸಿಕ್ಕಾಪಟ್ಟೆ ಅಗ್ಗ. ಹಳಬರು ಕುಸಿದರು. ಅವರ ನಂತರದ ಹುಡುಗಿಯರು ತಾವೇ ಚೀನಾಕ್ಕೆ ಹೋಗಿ ಮಾಲು ಮಾಡಿಸಿ ತರೋಕೆ ಕಲಿತರು. ಇದರಲ್ಲಿ ನನಗೆ ಕಾಣೋದು, ಬಟ್ಟೆ ತಮ್ಮದಲ್ಲ, ನಾಣ್ಯದ ಮೇಲೆ ಹಿಡಿತವಿಲ್ಲ, ಆದ್ದರಿಂದ ಎಷ್ಟು ಜಾಣರಾದರೂ ಬಿದ್ದರು.

ಮಾಲು ತಮ್ಮದೇ ಆಗಿದ್ದರೆ? ಅದಕ್ಕೆ ಶಿಯಾ ಮರ ನೋಡಬೇಕು. ಇದು ನಮ್ಮ ಹಿಪ್ಪೆ ಮರದ ಕುಲದ್ದೇ. ಸಹರಾದ ಕೆಳಗಿನ ಒಣ ಪ್ರದೇಶದಲ್ಲಿ ಹೊಲದ ನಡುವೆ ತಾನಾಗಿ ಬೆಳೆಯುತ್ತೆ, ಕಾಯಿ ಹಿಡಿಯೋಕೆ 15-20 ವರ್ಷ ಬೇಕು. ಮಳೆ ಶುರುವಾಗೋ ಕಾಲಕ್ಕೆ ಹೆಂಗಸರು ನಸುಕಿಗೆ ಎದ್ದು ಹಣ್ಣು ಆಯ್ತಾರೆ. ತಿರುಳು ತಿಂದು, ಬೀಜ ಬೇಯಿಸಿ, ಒಣಗಿಸಿ, ಒಡೆದು, ಹುರಿದು, ಬೀಸಿ, ಆ ಕಂದು ಹಿಟ್ಟಿಗೆ ನೀರು ಹಾಕಿ ಕೈಯಲ್ಲಿ ಕಲೆಸ್ತಾರೆ. ಕಲೆಸಿ ಕಲೆಸಿ ಬಿಳಿ ಬೆಣ್ಣೆ ತೇಲಬೇಕು. ಅದನ್ನು ಕಾಯಿಸಿ ಸೋಸಿದರೆ ಅಡುಗೆಗೂ ಆಯ್ತು, ಮೈಗೂ ಆಯ್ತು. ಯುರೋಪಿನವರು 2000ದಲ್ಲಿ ಮಾಡಿದ ನಿಯಮದಲ್ಲಿ ಚಾಕೊಲೇಟಿಗೆ ಕೋಕೋ ಬೆಣ್ಣೆಯಲ್ಲದೆ ಬೇರೆ ಆರು ಗಿಡಗಳ ಜಿಡ್ಡನ್ನು ನೂರಕ್ಕೆ 5ರವರೆಗೆ ಹಾಕಬಹುದು ಅಂದರು. ಶಿಯಾ ಅದರಲ್ಲೊಂದು. ಮಲೆನಾಡಿನ ಓದುಗರು ಗಮನಿಸಬೇಕು, ಆ ಆರರಲ್ಲಿ ನಿಮ್ಮ ಮುರುಗಲು ಬೀಜದ ಜಿಡ್ಡೂ ಇದೆ, ಮಾವಿನ ಓಟೆಯೊಳಗಿನ ತಿರುಳಿನ ಜಿಡ್ಡೂ ಇದೆ! ನಾವು ಓಟೆಯನ್ನು ತಿಪ್ಪೆಗೆ ಎಸೀತೀವಿ. ಹಿಪ್ಪೆ ತೋಪುಗಳನ್ನು ಕಡಿದು ಸೌದೆ ಮಾಡಿದ್ದಾಯ್ತು.

ಶಿಯಾದಲ್ಲೂ ಎಲ್ಲ ಸುಖ ಇಲ್ಲ. ಬಹುಪಾಲು ಬೀಜ ಹಾಗೇ ಹಡಗು ಹತ್ತಿ ಹೋಗುತ್ತೆ, ಬೆಣ್ಣೆ ತೆಗೆಯೋ ಲಾಭ ಬೇರೆಯವರಿಗೆ. ಅದಕ್ಕೇ 2025ರ ಆಗಸ್ಟಿನಲ್ಲಿ ನೈಜೀರಿಯ ಸರ್ಕಾರ ಹಸಿ ಬೀಜದ ರಫ್ತಿಗೆ ಆರು ತಿಂಗಳ ತಡೆ ಹಾಕಿತು. ಇನ್ನೊಂದು ತೊಡಕು ಮರ ಇರೋ ಹೊಲದ್ದು. ಹೊಲ ಗಂಡಸರದು, ಹಣ್ಣು ಆಯೋ ಹಕ್ಕು ಹೆಂಗಸರದು. ಬೆಲೆ ಇಲ್ಲದಾಗ ಯಾರೂ ಕೇಳಲಿಲ್ಲ. ಬೆಲೆ ಬಂದ ಮೇಲೆ ಗಂಡಸರೂ ಕೈ ಹಾಕ್ತಾರೆ. ನಮ್ಮಲ್ಲಿ ಹೈನು ಹೀಗೇ ಆದದ್ದಲ್ಲವೇ? ಮಜ್ಜಿಗೆ ಮಾರೋವಾಗ ಎಮ್ಮೆ ಹೆಂಗಸರದು, ಡೈರಿ ಬಂದ ಮೇಲೆ ಪಾಸ್‌ಬುಕ್ಕು ಗಂಡಸರದು.

ಇಥಿಯೋಪಿಯದ ಬೆತ್ಲೆಹೆಮ್ ತಿಲಾಹುನ್ ಎಂಬಾಕೆ 2005ರ ಸುಮಾರಿಗೆ ತನ್ನ ಕೇರಿಯ ಕೆಲಸವಿಲ್ಲದ ನೇಕಾರರು, ನೂಲುವವರನ್ನು ಕಟ್ಟಿಕೊಂಡು, ಹಳೇ ಟೈರಿನ ಅಟ್ಟೆ, ಕೈನೂಲಿನ ಬಟ್ಟೆ ಹಾಕಿ ಪಾದರಕ್ಷೆ ಮಾಡಿ ‘ಸೋಲ್‌ರೆಬೆಲ್ಸ್’ ಅಂತ ಹೆಸರಿಟ್ಟು ಪರದೇಶಕ್ಕೆ ಮಾರಿದ್ದು ಪೇಪರುಗಳಲ್ಲಿ ಬಹಳ ಬಂತು. ಟೈರಿನ ಮೆಟ್ಟು ನಾವೂ ತೊಟ್ಟೋರೇ, ಮುಳ್ಳಿಗೆ ಜಗ್ಗೋದಿಲ್ಲ. ಅದನ್ನು ಬಡವರ ಗುರುತು ಅಂತ ಬಿಟ್ಟೆವು, ಆಕೆ ಅದನ್ನೇ ಬ್ರಾಂಡು ಮಾಡಿದಳು.

ಇಂಥ ಒಂದೆರಡು ಹೆಸರು ಹೇಳಿ ಎಲ್ಲ ಗೆದ್ದರು ಅನ್ನೋಕೆ ಬರೋಲ್ಲ. ವಿಶ್ವಬ್ಯಾಂಕು 2019ರಲ್ಲಿ ಹೇಳಿದ ಪ್ರಕಾರ, ಸ್ವಂತ ಉದ್ಯೋಗದಲ್ಲಿ ಹೆಂಗಸರೇ ಹೆಚ್ಚಿರೋದು ಸಹರಾದ ಕೆಳಗಿನ ಆಫ್ರಿಕದಲ್ಲಿ ಮಾತ್ರ. ಆದರೂ ಅವರ ಲಾಭ ಗಂಡಸರ ವ್ಯಾಪಾರಕ್ಕಿಂತ ಸರಾಸರಿ ನೂರಕ್ಕೆ 34ರಷ್ಟು ಕಡಿಮೆ. ಬಂಡವಾಳ ಕಡಿಮೆ, ಜಮೀನು ಹೆಸರಿಗಿಲ್ಲ, ಬ್ಯಾಂಕಿಗೆ ಅಡವು ಇಡೋಕೆ ಏನಿಲ್ಲ.

ತರಬೇತಿ ಕೊಡೋರು ಒಂದು ವಿಷಯ ಓದಿಕೊಂಡರೆ ಒಳ್ಳೇದು. ಟೋಗೋದಲ್ಲಿ 1500 ಸಣ್ಣ ವ್ಯಾಪಾರಿಗಳನ್ನು ಮೂರು ಪಾಲು ಮಾಡಿ, ಒಂದು ಪಾಲಿಗೆ ಲೆಕ್ಕಪತ್ರ, ಮಾರಾಟದ ಮಾಮೂಲು ಪಾಠ, ಇನ್ನೊಂದು ಪಾಲಿಗೆ ಮುಂದಾಲೋಚನೆ, ಬೇರೆಯವರು ಮಾಡದ್ದನ್ನು ಮಾಡೋದು, ಏಟು ಬಿದ್ದರೂ ಮತ್ತೆ ಏಳೋದು, ಇಂಥದ್ದರ ಅಭ್ಯಾಸ ಕೊಟ್ಟರು. ಮೂರನೇ ಪಾಲಿಗೆ ಏನೂ ಇಲ್ಲ. 2017ರಲ್ಲಿ ಲೆಕ್ಕ ಹೊರಬಂತು. ಮಾಮೂಲು ಪಾಠದಿಂದ ಲಾಭ ಏರಿದ್ದು ನೂರಕ್ಕೆ 11, ಅದೂ ಖಾತ್ರಿ ಹೇಳೋ ಹಾಗಿಲ್ಲ. ಎರಡನೆಯದರಿಂದ 30, ಹೆಂಗಸರಲ್ಲಿ 40. ನಮ್ಮಲ್ಲಿ ಊರೂರಿಗೆ ಹಪ್ಪಳ, ಉಪ್ಪಿನಕಾಯಿ, ಫಿನಾಯಿಲು ತರಬೇತಿ ನಡೆದಿದೆ. ಐವತ್ತು ಜನ ಒಂದೇ ಊರಲ್ಲಿ ಒಂದೇ ಹಪ್ಪಳ ಮಾಡಿದರೆ ಕೊಳ್ಳೋರು ಯಾರು?

ಸ್ತ್ರೀಶಕ್ತಿ ಸಂಘಗಳು 2000ದಿಂದ ಬಂದವು, ಉಳಿತಾಯ ಕಲಿಸಿದವು, ಅದನ್ನು ಅಲ್ಲಗಳೆಯೋಲ್ಲ. ಆದರೆ ಸಂಘದ ಸಾಲ ಎಷ್ಟೋ ಮನೆಗಳಲ್ಲಿ ಗಂಡನ ಬೋರ್‌ವೆಲ್ಲಿಗೆ ಹೋಗಿ, ಕಂತು ಮಾತ್ರ ಹೆಂಡತಿ ಕೂಲಿಯಲ್ಲಿ ಕಟ್ಟೋದಾಗಿದೆ. ಸಾಲ ಕೊಡೋದಕ್ಕಿಂತ ಮೊದಲು ಮಾರೋ ಹಕ್ಕು ಕೊಡಬೇಕು ಅನ್ನೋದು ನನ್ನ ವಾದ.

ನಮ್ಮ ಮನೆಯಲ್ಲಿ ಹುಣಸೆ, ಎಮ್ಮೆ, ಕೋಳಿ ಈ ಮೂರರ ದುಡ್ಡು ಮನೆಯಾಕೆಯದು. ಮಂಡಿಗೂ ಆಕೆಯೇ ಹೋಗ್ತಾಳೆ, ಪಟ್ಟಿ ಆಕೆ ಹೆಸರಿಗೆ. ನನಗೆ ಶೇಂಗಾ ಬೀಜಕ್ಕೆ ದುಡ್ಡು ಬೇಕಾದರೆ ಕೇಳಿ ಇಸ್ಕೋತೀನಿ, ಆಕೆ ಕ್ಯಾಲೆಂಡರಿನ ಹಿಂದೆ ಬರೆದಿಡ್ತಾಳೆ, ಕೊಯ್ಲಿಗೆ ತೀರಿಸ್ತೀನಿ. ಬಡ್ಡಿ ಹಾಕೋಲ್ಲ, ಮರೆಯೋದೂ ಇಲ್ಲ. ಮಂಡಿಯಲ್ಲಿ ಮೊದಲು, ‘ಯಜಮಾನ್ರು ಬರ್ಲಿಲ್ವೇನಮ್ಮ?’ ಅಂತ ಕೇಳ್ತಿದ್ದರಂತೆ. ಈಗ ‘ಅಮ್ಮಾ, ಈ ಸಲ ಎಷ್ಟು ಚೀಲ?’ ಅಂತಾರೆ. ಕರಿ ಹಣ್ಣು, ಕೆಂಪು ಹಣ್ಣು ಬೇರೆ ಬೇರೆ ಚೀಲಕ್ಕೆ ಹಾಕಿಸೋ ಪದ್ಧತಿ ಶುರು ಮಾಡಿದ್ದೂ ಆಕೆಯೇ.

ಇದನ್ನು ಓದಿ ಯಾರಾದರೂ ನಮ್ಮ ಸುತ್ತಮುತ್ತಲ ಹತ್ತಿಪ್ಪತ್ತು ಮನೆಯ ಹೆಂಗಸರ ಹುಣಸೆಯನ್ನು ಒಟ್ಟಿಗೆ ಸೇರಿಸಿ, ಒಬ್ಬ ಹಿರಿಯಳನ್ನು ಆರಿಸಿ, ರೇಟು ಅವಳೇ ಮಾತಾಡೋ ಹಾಗೆ ಮಾಡೋಣ ಅಂದರೆ ಬರುವ ಸುಗ್ಗಿಗೆ ಮೊದಲೇ ಕೂತು ಮಾತಾಡಬಹುದು. ಗಾಡಿ ಬಾಡಿಗೆ ಹಂಚಿಕೊಂಡರೂ ಅಷ್ಟು ಉಳೀತು. ಚೀಲ ಹೊರೋಕೆ ಗಂಡಸರು ಬರ್ತೀವಿ.